ತೆಗೆಯದ ಕೈ

ನನ್ನ ತಮ್ಮ ತೀರಿಕೊಂಡ ಮೇಲೆ ಬೀಗದ ಬೀದಿಯವರು ಅವನ ಭಾವಚಿತ್ರವನ್ನು ತಮ್ಮ ಸಂಘದ ಕೋಣೆಯಲ್ಲಿ ತೂಗುಹಾಕಿದರು. ಕೆಳಗೆ ‘ಕೊಟ್ಟ ಮಾತಿಗೆ ತಪ್ಪದವರು’ ಎಂದು ಬರೆಸಿದರು. ನೋಡಲು ಬನ್ನಿ ಎಂದು ನನ್ನನ್ನೂ ಕರೆದರು. ಹೋದೆ, ನೋಡಿದೆ. ಬರೆದದ್ದು ಸುಳ್ಳಾಗಿದ್ದರೆ ಸುಮ್ಮನೆ ಮನೆಗೆ ಬಂದುಬಿಡುತ್ತಿದ್ದೆ. ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಸುಳ್ಳು ಹೇಳುವುದು ಎಲ್ಲ ಕಡೆಯೂ ಇದ್ದದ್ದೇ. ಆದರೆ ಅದು ಅಕ್ಷರ ಅಕ್ಷರವೂ ನಿಜ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ನಮ್ಮ ಅಪ್ಪನೂ ಬೀಗದ ಕೆಲಸದವನೇ. ಆ ಬೀದಿಯ ಎರಡೂ ಬದಿಗೆ ಬೀಗದ ಅಂಗಡಿಗಳು. ಕೂತವನು ಕಾಲು ಚಾಚಿದರೆ ಎದುರು ಗೋಡೆ ತಾಗುವಷ್ಟೇ ಜಾಗ. ಬೆಳಗಿನಿಂದ ಅರ ಉಜ್ಜುವ ಸದ್ದು, ಎಣ್ಣೆಯ ವಾಸನೆ. ನಾನು ಶಾಲೆಯಲ್ಲಿ ಪುಸ್ತಕ ಬಿಚ್ಚಿದರೆ ಹಾಳೆಗಳ ನಡುವಿನಿಂದ ಹಿತ್ತಾಳೆಯ ಪುಡಿ ಉದುರುತ್ತಿತ್ತು. ತಮ್ಮ ಇನ್ನೂ ಚಿಕ್ಕವನಿದ್ದಾಗ, ಒಳ್ಳೆಯ ಬಟ್ಟೆ ಹಾಕಿಕೊಂಡ ಮನುಷ್ಯನೊಬ್ಬ ಅಂಗಡಿಗೆ ಬಂದು, ಮನೆಯ ಕೀಲಿಕೈ ಕಳೆದುಹೋಗಿದೆ ಎಂದು ಅಪ್ಪನನ್ನು ಕರೆದುಕೊಂಡು ಹೋದ. ಅಪ್ಪ ಬೀಗ ತೆಗೆದುಕೊಟ್ಟು ಬಂದ. ಮನೆ ಆ ಮನುಷ್ಯನದಾಗಿರಲಿಲ್ಲ. ಸಂಜೆಯೊಳಗೆ ಅದು ಖಾಲಿಯಾಗಿತ್ತು. ಪೊಲೀಸರು ಅಪ್ಪನ ಕೈಗೆ ಹಗ್ಗ ಕಟ್ಟಿ, ಅವನದೇ ಬೀದಿಯಲ್ಲಿ ನಡೆಸಿಕೊಂಡು ಹೋದರು. ಹಗ್ಗದ ಹಿಂದೆ ನನ್ನ ತಮ್ಮ ಬೀದಿಯ ಕೊನೆಯವರೆಗೂ ಓಡಿದ. ತಪ್ಪಿಲ್ಲವೆಂದು ಗೊತ್ತಾಗಿ ಪೊಲೀಸರು ಬಿಟ್ಟರು, ಬೀದಿಯವರು ಬಿಡಲಿಲ್ಲ. ಪಾಲು ಎಷ್ಟು ಸಿಕ್ಕಿತು ಎಂದು ನಗುತ್ತಲೇ ಕೇಳುವವರು ಇದ್ದರು. ಅಪ್ಪ ಅಂಗಡಿಯಲ್ಲಿ ಬೀದಿಗೆ ಬೆನ್ನು ಹಾಕಿ ಕೂತು ಕೆಲಸ ಮಾಡುವುದನ್ನು ರೂಢಿ ಮಾಡಿಕೊಂಡ. ಹಾಗೆಯೇ ಕೂತು ಕೂತು ಸತ್ತ.

ಆ ಪ್ರಕರಣದ ಮೇಲೆ ಬೀದಿಯವರು ಒಂದು ನಿಯಮ ಮಾಡಿದರು. ಬೀಗ ಹಾಕಿದವರು ಎದುರಿಗೆ ನಿಂತು ಹೇಳದ ಹೊರತು ಯಾವ ಬೀಗವನ್ನೂ ತೆಗೆಯುವುದಿಲ್ಲ ಎಂದು, ಹೊಸದಾಗಿ ಕೆಲಸಕ್ಕೆ ಕೂರುವ ಪ್ರತಿಯೊಬ್ಬನೂ ಹಿರಿಯರ ಮುಂದೆ ಮಾತು ಕೊಡಬೇಕು. ಎಲ್ಲರೂ ಕೊಟ್ಟರು, ಎಲ್ಲರೂ ಅನುಕೂಲ ನೋಡಿಕೊಂಡು ಮರೆತರು. ಮಗು ಒಳಗಿದೆ, ಬಾಗಿಲು ಎಳೆದುಕೊಂಡುಬಿಟ್ಟಿದೆ ಎಂದು ಯಾರಾದರೂ ಓಡಿ ಬಂದರೆ ಮುಖ ನೋಡಿ, ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ, ತೆಗೆದುಕೊಡುತ್ತಿದ್ದರು. ಮನುಷ್ಯರು ಇರುವುದೇ ಹಾಗೆ, ಇರಬೇಕಾದದ್ದೂ ಹಾಗೆ. ನನ್ನ ತಮ್ಮ ಮಾತ್ರ ಹದಿನೆಂಟನೇ ವಯಸ್ಸಿನಲ್ಲಿ ಕೊಟ್ಟ ಆ ಮಾತನ್ನು ಮೈಗೆ ಹೊಲಿಸಿಕೊಂಡ. ಯಾರು ಬಂದು ಏನು ಹೇಳಿದರೂ ಅವನ ಮೊದಲ ಪ್ರಶ್ನೆ ಒಂದೇ: ‘ಹಾಕಿದವರೆಲ್ಲಿ?’ ಬೀದಿಯಲ್ಲಿ ಅವನಿಗೆ ಅದೇ ಹೆಸರಾಯಿತು. ‘ಹಾಕಿದವರೆಲ್ಲಿ ಊಟಕ್ಕೆ ಹೋಗಿದ್ದಾರಾ?’ ಎಂದು ಗಿರಾಕಿಗಳೇ ಪಕ್ಕದ ಅಂಗಡಿಯಲ್ಲಿ ವಿಚಾರಿಸುತ್ತಿದ್ದರು.

ಒಮ್ಮೆ ಅವನ ಹೆಂಡತಿ ಮನೆಗೆ ಬೀಗ ಹಾಕಿಕೊಂಡು ತವರಿಗೆ ಹೋಗಿದ್ದಳು. ಇವನು ಸಂಜೆ ಬಂದ, ಕೀಲಿಕೈ ಇರಲಿಲ್ಲ. ಬೀಗ ಇವನೇ ಮಾಡಿದ್ದು, ಮನೆ ಇವನದೇ, ಸಾಮಾನಿನ ಚೀಲ ಹೆಗಲ ಮೇಲೆ. ಅವಳು ಬರುವವರೆಗೂ ಮೆಟ್ಟಿಲ ಮೇಲೆ ಕೂತಿದ್ದ. ಯಾಕೆಂದರೆ ಹಾಕಿದವಳು ಅವಳು. ‘ಇಂಥವರನ್ನ ಕಟ್ಕೊಂಡು ಏಗೋದು ಹೇಗೆ ನೀವೇ ಹೇಳಿ ಅತ್ತಿಗೆ’ ಎಂದು ಅವಳು ನನ್ನ ಮುಂದೆ ನಕ್ಕಳು. ಬೀದಿಯೂ ನಕ್ಕಿತು. ನಕ್ಕವರೆಲ್ಲ ಮಾರನೆಯ ದಿನ ತಂತಮ್ಮ ಬೀಗಗಳನ್ನು ರಿಪೇರಿಗೆ ಅವನ ಹತ್ತಿರವೇ ತಂದರು.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಒಬ್ಬ ಔಷಧಿ ಅಂಗಡಿಯವನು ಒಂದು ಬೆಳಗ್ಗೆ ತಮ್ಮನ ಬಳಿ ಬಂದು, ತನ್ನ ಮನೆಯ ಬಾಗಿಲು ತೆಗೆಯಬೇಕು ಎಂದ. ಮನೆ ಅವನ ಹೆಸರಿನಲ್ಲಿಯೇ ಇತ್ತು, ಕಾಗದಪತ್ರವೂ ಕೈಯಲ್ಲಿತ್ತು. ಬೇರೆ ಯಾವ ಅಂಗಡಿಯವನಾದರೂ ಎದ್ದು ಹೋಗುತ್ತಿದ್ದ. ಇವನು ‘ಹಾಕಿದವರೆಲ್ಲಿ?’ ಎಂದ. ಹಾಕಿಕೊಂಡದ್ದು ಒಳಗಿದ್ದ ಹೆಂಡತಿ. ಹಾಗಾದರೆ ಅವರೇ ಹೇಳಬೇಕು ಎಂದು ಇವನು ಅರ ಕೈಗೆತ್ತಿಕೊಂಡ. ಆ ಮನುಷ್ಯ ಬೈದ, ಕೈ ಎತ್ತಿದ, ಹೆಚ್ಚಿಗೆ ಕೊಡುತ್ತೇನೆ ಎಂದ. ಇವನು ಕೂತ ಜಾಗದಿಂದ ಏಳಲಿಲ್ಲ. ಅಷ್ಟರಲ್ಲಿ ಒಳಗಿದ್ದವಳ ಅಣ್ಣಂದಿರು ಬಂದು ಅವಳನ್ನು ಕರೆದುಕೊಂಡು ಹೋದರು. ಮೊದಲೇ ಬಾಗಿಲು ತೆರೆದಿದ್ದರೆ ಆ ಗಂಡ ಏನು ಮಾಡುತ್ತಿದ್ದ ಎನ್ನುವುದಕ್ಕೆ ಅವಳ ಬೆನ್ನ ಮೇಲಿನ ಹಳೆಯ ಗುರುತುಗಳೇ ಸಾಕ್ಷಿ. ಭಾವಚಿತ್ರ ತೂಗುಹಾಕಿದ ದಿನ ಅವಳೂ ಬಂದಿದ್ದಳು, ನಾನು ಬದುಕಿರುವುದು ಇವರಿಂದ ಎಂದು ಎಲ್ಲರ ಎದುರು ಅತ್ತಳು. ಅದು ಸುಳ್ಳಲ್ಲ. ಅದೇ ನಿಯಮ, ಅದೇ ಕೈ. ಅವಳ ಅಳು ಕೇಳುತ್ತ ಕೂತಿದ್ದ ನನಗೆ ಮೈ ಉರಿಯುತ್ತಿತ್ತು.

ತಮ್ಮನಿಗೆ ಇದ್ದದ್ದು ಒಬ್ಬಳೇ ಮಗಳು. ತಾಯಿ ತೀರಿಕೊಂಡಾಗ ಅವಳಿನ್ನೂ ಶಾಲೆಯಲ್ಲಿದ್ದಳು. ಅವಳನ್ನು ಬೆಳೆಸಿದ್ದು ಅವನೇ. ಅದರಲ್ಲಿ ಅವನ ಮೇಲೆ ನನ್ನದೇನೂ ದೂರಿಲ್ಲ. ಜಡೆ ಹೆಣೆಯುವುದನ್ನು ಪಕ್ಕದ ಮನೆಯವಳಿಂದ ಕಲಿತು ಬಂದು, ಬೀಗದ ಸ್ಪ್ರಿಂಗ್ ಸುತ್ತುವಷ್ಟು ಬಿಗಿಯಾಗಿ ಹೆಣೆಯುತ್ತಿದ್ದ. ‘ಅತ್ತೆ, ಅಪ್ಪ ಜಡೆ ಹಾಕಿದ್ರೆ ಕಣ್ಣು ಮುಚ್ಚೋಕೇ ಆಗಲ್ಲ’ ಎಂದು ಅವಳು ನನ್ನ ಹತ್ತಿರ ಚಾಡಿ ಹೇಳುತ್ತಿದ್ದಳು. ಗಟ್ಟಿ ದನಿಯ, ಬಾಯಿಗೆ ಬಂದದ್ದನ್ನು ಆಡಿಬಿಡುವ ಹುಡುಗಿ.

ಮದುವೆಯಾದದ್ದು ಸಾಗಾಣಿಕೆ ಕಂಪನಿಯೊಂದರ ಗೋದಾಮು ನೋಡಿಕೊಳ್ಳುವವನ ಜೊತೆಗೆ. ಅಳಿಯ ಮೆಲುದನಿಯವನು, ಮಾತಿಗೊಮ್ಮೆ ‘ಮಾವ’ ಎನ್ನುವವನು. ತಮ್ಮನಿಗೆ ಹಿಡಿಸಿತು. ಮದುವೆಗೆಂದು ಅವನು ತಿಂಗಳುಗಟ್ಟಲೆ ಕೂತು ಒಂದು ಬೀಗ ಮಾಡಿದ. ಬಾಗಿಲೊಳಗೆ ಕೂರಿಸುವಂಥದ್ದು, ಒಳಗಿನಿಂದಾಗಲಿ ಹೊರಗಿನಿಂದಾಗಲಿ ಕೀಲಿಕೈ ಇಲ್ಲದೆ ಅಲುಗದ್ದು. ಹೊಸ ಬೀಗ ಒಪ್ಪಿಸುವಾಗ ಅವರ ಕಸುಬಿನಲ್ಲಿ ಒಂದು ಕ್ರಮವಿದೆ. ಮಾಡಿದವನು ಒಮ್ಮೆ ಹಾಕಿ, ಒಮ್ಮೆ ತೆಗೆದು, ಇದ್ದ ಕೀಲಿಕೈಗಳನ್ನೆಲ್ಲ ಯಜಮಾನನ ಕೈಗಿಟ್ಟು, ‘ಇನ್ನು ಇದು ನಿಮ್ಮದು. ನೀವು ಹೇಳದೆ ನನ್ನ ಕೈ ಇದನ್ನ ಮುಟ್ಟಲ್ಲ’ ಎನ್ನುತ್ತಾನೆ. ಅದನ್ನು ಅಳಿಯನಿಗೂ ಹೇಳಿದ, ಮಗಳ ಎದುರಿಗೇ. ಕೀಲಿಕೈಗಳೆಲ್ಲ ಅಳಿಯನ ಕೈಗೆ ಹೋದವು. ಒಂದನ್ನು ಮಗಳಿಗೆ ಕೊಡಬೇಕೆಂದು ಆ ಮಹಾ ಕುಶಲಕರ್ಮಿಗೆ ಹೊಳೆಯಲಿಲ್ಲ.

ಆರು ತಿಂಗಳಾಗುವುದರೊಳಗೆ ಅಳಿಯ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗಲು ಶುರುಮಾಡಿದ. ಎರಡನೇ ಮಹಡಿ, ಕಿಟಕಿಗಳಿಗೆ ಕಬ್ಬಿಣದ ಸರಳು. ಮೊದಲು ಕಳ್ಳರ ಕಾಟ ಎಂದ, ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ. ಅವಳ ಫೋನು ಕೆಟ್ಟಿತು, ರಿಪೇರಿಗೆಂದು ಒಯ್ದ, ಅದು ವಾಪಸು ಬರಲಿಲ್ಲ. ಮಗಳು ಒಂದು ರಜಾದಿನ ತವರಿಗೆ ಬಂದಾಗ ಅಪ್ಪನಿಗೆ ಹೇಳಿದಳು. ಅವನು ಹೋಗಿ ಅಳಿಯನನ್ನು ಕೇಳಿದ. ಆ ಮಹಾಶಯ ಕಾಫಿ ತರಿಸಿ, ‘ನಿಮ್ಮ ಬೀಗ ಇರೋದ್ರಿಂದಲೇ ನಾನು ನೆಮ್ಮದಿಯಾಗಿ ಕೆಲಸ ಮಾಡ್ತೀನಿ ಮಾವ. ಇನ್ನು ನೀವೇ ತೆಗೆದುಬಿಡ್ತೀರಿ ಅನ್ನೋ ಭಯ ನನಗಿಲ್ಲ. ನೀವು ಮಾತಿನವರು’ ಎಂದನಂತೆ. ತಮ್ಮ ಇದನ್ನು ನನಗೆ ಹೇಳುವಾಗ ಅವನ ಮುಖದಲ್ಲಿ ಚಿಂತೆಯ ಜೊತೆಗೆ ಇನ್ನೇನೋ ಒಂದು ಇತ್ತು. ಹೊಗಳಿಸಿಕೊಂಡವನ ಮುಖ ಅದು. ಅವಳನ್ನು ಮನೆಗೆ ಕರೆದುಕೊಂಡು ಬಾ ಎಂದೆ. ಗಂಡ ಹೆಂಡತಿ ನಡುವೆ ಹೋಗುವುದು ಹೇಗೆ, ಇನ್ನೊಮ್ಮೆ ಮಾತಾಡಿ ನೋಡುತ್ತೇನೆ ಎಂದ. ಅಳಿಯ ಅವನನ್ನು ಸರಿಯಾಗಿ ಅಳೆದಿದ್ದ. ಬೀಗ ಮಾಡಿದವನ ಮರ್ಯಾದೆಯನ್ನೇ ಆ ಬಾಗಿಲಿಗೆ ಎರಡನೇ ಬೀಗವಾಗಿ ಹಾಕಿದ್ದ.

ಆ ದಿನದ ಬೆಳಗಿನ ಭಾಗವನ್ನು ನನಗೆ ಹೇಳಿದ್ದು ಅವರ ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸು. ಮೇಲಿನಿಂದ ಪಾತ್ರೆಯಲ್ಲಿ ನೆಲ ಬಡಿಯುವ ಸದ್ದು ಕೇಳಿ ಅವಳು ಹತ್ತಿ ಹೋದಳು. ಬಾಗಿಲ ಹಿಂದಿನಿಂದ ತಮ್ಮನ ಮಗಳು, ಹೊಟ್ಟೆಯ ಬಲಗಡೆ ರಾತ್ರಿಯಿಂದ ನೋವು, ನೆಟ್ಟಗೆ ನಿಲ್ಲಲು ಆಗುತ್ತಿಲ್ಲ, ಅಪ್ಪನನ್ನು ಕರೆಯಿರಿ ಎಂದಳಂತೆ. ದರ್ಜಿ ಹೆಂಗಸು ಹೊಲಿಗೆ ಯಂತ್ರದ ಮೇಲೆ ಬಟ್ಟೆಯನ್ನು ಹಾಗೇ ಬಿಟ್ಟು ಬೀಗದ ಬೀದಿಗೆ ಓಡಿದಳು. ತಮ್ಮ ಕೇಳಿದವನೇ ಎದ್ದ. ಸಾಮಾನಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದ. ಅದನ್ನು ಅವಳು ಎರಡೆರಡು ಸಲ ಹೇಳಿದಳು: ‘ಚೀಲ ತಗೊಂಡೇ ಬಂದ್ರು ಅಮ್ಮಾ. ಸದ್ಯ ಆಯ್ತು ಬಿಡು ಅಂದ್ಕೊಂಡೆ.’

ಬಾಗಿಲ ಮುಂದೆ ಅವನು ಮಂಡಿಯೂರಿ ಕೂತ. ಚೀಲ ಬಿಚ್ಚಲಿಲ್ಲ.

‘ಅಪ್ಪ, ಬಂದ್ಯಾ?’ ಎಂದಳು ಒಳಗಿನಿಂದ.

‘ಬಂದೆ ಮಗಳೇ.’

‘ತೆಗಿ. ಆಸ್ಪತ್ರೆಗೆ ಹೋಗ್ಬೇಕು.’

‘ಅವರಿಗೊಂದು ಫೋನ್ ಮಾಡ್ತೀನಿ, ಇರು.’

ಮಾಡಿದ. ಅಳಿಯ ಗೋದಾಮಿನಲ್ಲಿದ್ದ. ಹಿಂದಿನ ದಿನ ಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತಂತೆ, ಅದರ ಸಿಟ್ಟಿಗೆ ಇವಳು ಈ ಆಟ ಹೂಡಿದ್ದಾಳಂತೆ. ಫೋನಿನಲ್ಲಿ ಅವನು ಹೇಳಿದ್ದು ಪಕ್ಕದಲ್ಲಿ ನಿಂತಿದ್ದ ದರ್ಜಿ ಹೆಂಗಸಿಗೂ ಕೇಳಿತು: ‘ನಾಟಕ ಮಾವ, ನಿಮಗೆ ಗೊತ್ತಿಲ್ಲ. ಲಾರಿ ಖಾಲಿ ಮಾಡಿಸಿ ಬರ್ತೀನಿ. ತೆಗೀಬೇಡಿ. ನೀವು ನನಗೆ ಮಾತು ಕೊಟ್ಟಿದ್ದೀರಿ.’ ತಮ್ಮ ಬೇಡಿಕೊಂಡ. ಒಂದು ಸಲ ಹ್ಞೂಂ ಅನ್ನಿ ಸಾಕು, ನೀವು ಬರುವುದರೊಳಗೆ ಮತ್ತೆ ಹಾಕಿರುತ್ತೇನೆ ಎಂದ. ಅಳಿಯ ಬೇಡ ಎಂದರೆ ಬೇಡ ಎಂದ. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಕೇಳಿದಾಗಲೂ ಅದೇ ಉತ್ತರ. ಆಮೇಲೆ ಆ ಫೋನು ಎತ್ತುವವರಿಲ್ಲದೆ ಬಡಿದುಕೊಂಡಿತು.

ಇಲ್ಲಿ ಒಂದು ವಿಷಯವನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಅವನು ಅಲ್ಲಿಗೆ ಬಾರದೇ ಇದ್ದಿದ್ದರೆ ಆ ಹುಡುಗಿ ಬೆಳಗ್ಗೆಯೇ ಹೊರಗೆ ಬರುತ್ತಿದ್ದಳು. ಮೂರನೇ ಮಹಡಿಯ ಇಬ್ಬರು ಗಟ್ಟಿ ಆಳುಗಳು ಹಾರೆ ಹಿಡಿದು ಇಳಿದು ಬಂದಿದ್ದರು. ಬಾಗಿಲ ಮುಂದೆ ಹುಡುಗಿಯ ಅಪ್ಪನೇ ಕೂತಿರುವುದನ್ನು ನೋಡಿ, ಏನು ಮಾಡುವುದು ಎಂದು ಕೇಳಿದರು. ಅವನು ‘ಬೀಗ ಹಾಕಿದವರು ಬರ್ತಿದ್ದಾರೆ’ ಎಂದ. ಹೆತ್ತವನೇ ಸಮಾಧಾನವಾಗಿ ಕೂತಿರುವಾಗ ನಮಗೇನು ಎಂದು ಅವರು ಹಾರೆ ಹಿಡಿದು ವಾಪಸು ಹೋದರು. ಮೆಟ್ಟಿಲ ಮೇಲೆ ಜನ ಬಂದರು, ಅವನನ್ನು ನೋಡಿದರು, ತಿರುಗಿದರು. ಅವನು ಸುಮ್ಮನೆ ಕೂತಿದ್ದನೆಂದು ಹೇಳುವುದು ಸರಿಯಲ್ಲ. ಆ ಬಾಗಿಲನ್ನು ಕಾದ.

ದರ್ಜಿ ಹೆಂಗಸು ನನ್ನ ನಂಬರನ್ನು ಒಳಗಿದ್ದವಳಿಂದಲೇ ಕೇಳಿ ಬರೆದುಕೊಂಡು ನನಗೆ ತಿಳಿಸಿದಾಗ ಮಧ್ಯಾಹ್ನ. ನಾನು ಊರಿನ ಇನ್ನೊಂದು ತುದಿಯಲ್ಲಿದ್ದೆ. ನಾನು ಮೆಟ್ಟಿಲು ಹತ್ತಿದಾಗ ಒಳಗಿನಿಂದ ಮಾತು ಕಡಿಮೆಯಾಗಿತ್ತು, ನರಳುವುದು ಮಾತ್ರ ಕೇಳುತ್ತಿತ್ತು. ತಮ್ಮ ಬಾಗಿಲಿಗೆ ಹಣೆ ಹಚ್ಚಿ ಕೂತಿದ್ದ. ಬೆವರು ಅಂಗಿಯ ಬೆನ್ನನ್ನೆಲ್ಲ ತೋಯಿಸಿತ್ತು.

‘ತೆಗಿ’ ಎಂದೆ.

‘ಲಾರಿ ಖಾಲಿ ಮಾಡಿಸಿ ಬರ್ತಾರಂತೆ ಅಕ್ಕ. ಬಂದ್ಬಿಡ್ತಾರೆ.’

‘ನಿನಗೆ ಬುದ್ಧಿ ನೆಟ್ಟಗಿದೆಯೇನೋ? ಒಳಗಿರೋಳು ನಿನ್ನ ಮಗಳು.’

ಅವನು ತಲೆಯೆತ್ತಿ ನೋಡಿದ. ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ಸ್ಪಷ್ಟವಾಗಿತ್ತು. ‘ಅದಕ್ಕೇ ಅಕ್ಕ. ಯಾರೋ ಆಗಿದ್ರೆ ತೆಗೆಯಲ್ಲ, ನನ್ನ ಮಗಳು ಅಂತ ತೆಗೀತೀನಿ ಅಂದ್ರೆ, ಇಷ್ಟು ವರ್ಷ ನಾನು ಯಾರ್ಯಾರಿಗೆ ಇಲ್ಲ ಅಂದೆನೋ ಅವರಿಗೆಲ್ಲ ಏನು ಹೇಳ್ಲಿ? ನನಗೆ ಬೇಕಾದಾಗ ಮುರಿಯೋದಾದ್ರೆ ಅದು ಮಾತು ಹೇಗಾಗುತ್ತೆ?’

ನಾನು ಮೂವತ್ತು ವರ್ಷ ಕಾನೂನು ಪಾಠ ಹೇಳಿದವಳು. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಈ ಉತ್ತರ ಬರೆದಿದ್ದರೆ ಅಂಕ ಕೊಡುತ್ತಿದ್ದೆ. ಆ ಬಾಗಿಲ ಮುಂದೆ ಅದನ್ನು ಕೇಳಿದಾಗ ನನಗೆ ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಹೊಡೆಯುತ್ತ ನಿಲ್ಲಲು ಹೊತ್ತಿರಲಿಲ್ಲ. ಬೀದಿಯ ತಿರುವಿನಲ್ಲಿ ಮರದ ಸಾಮಾನಿನ ಅಂಗಡಿಯಿತ್ತು. ಅಲ್ಲಿಂದ ಬಡಗಿಯನ್ನು ಎಳೆದುಕೊಂಡು ಬಂದೆ. ಪೊಲೀಸು ಕೇಸು ಗೀಸು ಆದರೆ ಎಂದು ಅವನು ಅನುಮಾನಿಸಿದ. ನನ್ನ ಹೆಸರು ಹೇಳು ಎಂದೆ. ಅವನು ಬೀಗದ ತಂಟೆಗೇ ಹೋಗಲಿಲ್ಲ. ಬಾಗಿಲು ಹೊರಗಡೆ ತೆರೆಯುವಂಥದ್ದು, ಕೀಲುಗಳು ನಮ್ಮ ಕಡೆಗಿದ್ದವು. ಉಳಿ ಇಟ್ಟು ಕೀಲಿನ ಕಡ್ಡಿಗಳನ್ನು ಒಂದೊಂದಾಗಿ ಮೇಲಕ್ಕೆ ಬಡಿದು ತೆಗೆದ.

‘ಅಣ್ಣಾ, ಈ ಕಡೆ ಸ್ವಲ್ಪ ಹಿಡ್ಕೊಳ್ಳಿ, ಬಾಗಿಲು ಭಾರ ಇದೆ’ ಎಂದು ಬಡಗಿ ತಮ್ಮನನ್ನು ಕರೆದ.

ತಮ್ಮ ಹಿಡಿದುಕೊಳ್ಳಲಿಲ್ಲ. ಎದ್ದು, ಎರಡು ಹೆಜ್ಜೆ ಸರಿದು, ಗೋಡೆಯ ಕಡೆ ಮುಖ ಮಾಡಿ ನಿಂತ. ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಿದ್ದ. ಬಾಗಿಲನ್ನು ಹಿಡಿದವರು ನಾನು ಮತ್ತು ದರ್ಜಿ ಹೆಂಗಸು. ಅವನ ಆ ಬೆನ್ನನ್ನು ನಾನು ಸಾಯುವವರೆಗೂ ಮರೆಯಲಾರೆ. ಅಡ್ಡಿಪಡಿಸಲಿಲ್ಲ, ಬೇಡ ಎನ್ನಲಿಲ್ಲ. ಬಾಗಿಲು ತೆರೆಯಲಿ ಎಂದು ಅವನಿಗೂ ಇತ್ತು, ಆದರೆ ಅದು ಇನ್ನೊಬ್ಬರ ಕೈಯಿಂದ ಆಗಬೇಕಿತ್ತು, ಅವನು ನೋಡಿರಬಾರದಿತ್ತು. ಮಗಳೂ ಉಳಿಯಲಿ, ತಾನೂ ಚೊಕ್ಕಟವಾಗಿರಲಿ. ಮಾನವಂತರ ಲೆಕ್ಕಾಚಾರ ಇದಕ್ಕಿಂತ ಹೊಲಸಾಗಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಬಾಗಿಲು ಸರಿದ ತಕ್ಷಣ ಎಲ್ಲರನ್ನೂ ತಳ್ಳಿ ಒಳಗೆ ನುಗ್ಗಿದವನೂ ಅವನೇ. ಅವಳನ್ನು ಮಗುವಿನಂತೆ ಎತ್ತಿಕೊಂಡು ಎರಡು ಮಹಡಿ ಇಳಿದ. ನಾವು ಆಸ್ಪತ್ರೆ ಮುಟ್ಟಿದ ಮೇಲೆ ಅಳಿಯ ಬಂದ. ಬಾಗಿಲು ಕಿತ್ತವರು ಯಾರು ಎಂಬುದೇ ಅವನ ಮೊದಲ ಮಾತು.

ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆಲ್ಲ ನಂಜು ಹರಡಿತ್ತು. ಬೆಳಗ್ಗೆ ಬಂದಿದ್ದರೆ ಒಂದು ಸಣ್ಣ ಆಪರೇಷನ್ನು ಎಂದರು ಡಾಕ್ಟರು. ಅವರ ಮಾತು ಕೇಳುತ್ತಿದ್ದ ತಮ್ಮ ತಲೆಯಾಡಿಸುತ್ತಲೇ ಇದ್ದ, ಗಿರಾಕಿ ಹೇಳುವ ವಿವರ ಕೇಳಿಸಿಕೊಳ್ಳುವವನ ಹಾಗೆ.

ಮಾರನೆಯ ದಿನ ಅವಳಿಗೆ ಸ್ವಲ್ಪ ಹೊತ್ತು ಎಚ್ಚರವಿತ್ತು. ನಾನು ಹಾಸಿಗೆಯ ಒಂದು ಪಕ್ಕ, ಅವನು ಇನ್ನೊಂದು ಪಕ್ಕ. ಅವಳು ಅವನನ್ನೇ ನೋಡುತ್ತಿದ್ದಳು.

‘ಅಪ್ಪ, ಆ ಬೀಗ ತೆಗೆಯೋಕೆ ನಿಂಗೆ ಎಷ್ಟು ಹೊತ್ತು ಬೇಕಿತ್ತು?’

‘ಒಂದು ನಿಮಿಷ’ ಎಂದ. ಆಮೇಲೆ, ‘ಅಷ್ಟೂ ಬೇಡ’ ಎಂದ.

‘ಒಂದು ಸುಳ್ಳು ಹೇಳೋಕೂ ಆಗ್ಲಿಲ್ವಾ ನಿಂಗೆ’ ಎಂದು ಅವಳು ಮುಖವನ್ನು ನನ್ನ ಕಡೆ ತಿರುಗಿಸಿಕೊಂಡಳು. ಮತ್ತೆ ಅವನ ಕಡೆ ತಿರುಗಲಿಲ್ಲ. ಮರುದಿನ ಬೆಳಗಿನ ಹೊತ್ತಿಗೆ ಹೋದಳು.

ಕೇಸು ನಡೆಯಿತು. ನಾನೇ ನಡೆಸಿದೆ ಎಂದರೂ ಆದೀತು; ನನ್ನ ಹಳೆಯ ವಿದ್ಯಾರ್ಥಿಯೊಬ್ಬಳು ಸರ್ಕಾರದ ಪರ ವಕೀಲಳಾಗಿದ್ದಳು. ಆಸ್ಪತ್ರೆಗೆ ಹೋಗದಂತೆ ಕೂಡಿಹಾಕಿ ಸಾವಿಗೆ ಕಾರಣನಾದ ಎಂಬುದು ಅಳಿಯನ ಮೇಲಿನ ಆರೋಪ. ಅವನ ವಕೀಲ ಹೆಣೆದ ವಾದ ಸರಳವಾಗಿತ್ತು. ಹುಡುಗಿಯ ಅಪ್ಪ ಊರಿನಲ್ಲೇ ಹೆಸರಾದ ಬೀಗದ ಮೇಸ್ತ್ರಿ. ಬೆಳಗಿನಿಂದ ಸಾಮಾನಿನ ಸಮೇತ ಬಾಗಿಲಲ್ಲೇ ಇದ್ದ. ಬೀಗ ಅವನೇ ಮಾಡಿದ್ದು. ಹೆತ್ತವನಿಗೇ ತೆಗೆಯುವಷ್ಟು ತುರ್ತು ಕಾಣಲಿಲ್ಲವೆಂದರೆ, ಗೋದಾಮಿನಲ್ಲಿದ್ದ ಗಂಡನಿಗೆ ಹೇಗೆ ಕಾಣಬೇಕು? ಸಾವಿಗೆ ಕಾರಣ ಹಾಕಿದ ಬೀಗವೋ, ತೆಗೆಯದ ಕೈಯೋ?

ಅದನ್ನು ಮುರಿಯಲು ತಮ್ಮನ ಒಂದು ಮಾತು ಸಾಕಿತ್ತು. ಆ ಬೀಗ ಕೀಲಿಕೈ ಇಲ್ಲದೆ ಸುಲಭಕ್ಕೆ ತೆರೆಯುವಂಥದ್ದಲ್ಲ, ಅಷ್ಟೇ. ಅವನು ಸಾಕ್ಷಿ ಹೇಳುವ ಹಿಂದಿನ ಸಂಜೆ ಅವನ ಅಡುಗೆಮನೆಯಲ್ಲಿ ಕೂತು ಅವನಿಗೆ ತಿಳಿಹೇಳಿದೆ. ಸುಳ್ಳು ಹೇಳು ಎನ್ನುತ್ತಿಲ್ಲ, ತೆಗೆಯುವುದು ಕಷ್ಟ ಎಂದು ಹೇಳಿ ನಿಲ್ಲಿಸು, ಬೇರೆ ಯಾರಿಗೇ ಆದರೂ ಅದು ಕಷ್ಟವೇ ತಾನೇ ಎಂದೆ.

‘ನನಗೆ ಕಷ್ಟ ಇರ್ಲಿಲ್ಲವಲ್ಲ ಅಕ್ಕ’ ಎಂದ.

‘ಅವನು ತಪ್ಪಿಸಿಕೊಂಡು ಹೋಗ್ತಾನೆ ಕಣೋ. ಅವಳಿಗೋಸ್ಕರ ಆವತ್ತಂತೂ ಏನೂ ಮಾಡ್ಲಿಲ್ಲ, ಇಷ್ಟಾದ್ರೂ ಮಾಡು.’

‘ನಾನು ಮಾಡಿದ ತಪ್ಪನ್ನ ಅವನ ತಲೆಗೆ ಕಟ್ಟಿ ನಾನು ತಪ್ಪಿಸಿಕೊಳ್ಳಬೇಕಾ?’

ನೋಡಿ, ಇಂಥವರ ಜೊತೆ ವಾದ ಮಾಡುವ ಕಷ್ಟ ಇದು. ಈ ಸಲ ಅವನು ಹೇಳಿದ್ದರಲ್ಲಿ ಸತ್ಯವಿತ್ತು. ತನ್ನ ತಪ್ಪು ಎಂದು ಅವನು ಒಪ್ಪಿಕೊಂಡದ್ದು ಅದೇ ಮೊದಲು, ಅದನ್ನು ಒಪ್ಪಿಕೊಳ್ಳಲು ಆರಿಸಿಕೊಂಡ ಗಳಿಗೆ ಮಾತ್ರ ಕೊಲೆಗಡುಕನಿಗೆ ಅನುಕೂಲವಾದದ್ದು. ಮಗಳು ಬದುಕಿದ್ದಾಗ ಅವನ ಪ್ರಾಮಾಣಿಕತೆ ಅವಳ ಎದುರಾಳಿಯಾಗಿತ್ತು. ಸತ್ತ ಮೇಲೂ ಅವಳ ಎದುರು ಪಕ್ಷದಲ್ಲೇ ಸಾಕ್ಷಿ ನುಡಿಯಲು ಹೊರಟಿತ್ತು.

ಕಟಕಟೆಯಲ್ಲಿ ಅವನು ಕೈ ಕಟ್ಟಿ ನಿಂತ. ಬೀಗ ತೆಗೆಯಲು ನಿಮಗೆ ಆಗುತ್ತಿತ್ತೇ ಎಂದು ಅಳಿಯನ ವಕೀಲ ಕೇಳಿದ.

‘ಆಗ್ತಿತ್ತು.’

‘ಮತ್ತೆ?’

‘ತೆಗೆಯಲಿಲ್ಲ.’

ನ್ಯಾಯಾಧೀಶರೇ ಬಾಗಿ, ಯಾಕೆ ತೆಗೆಯಲಿಲ್ಲ ಎಂದು ಕೇಳಿದರು. ಹಾಕಿದವರು ಬೇಡ ಎಂದರು ಸ್ವಾಮಿ ಎಂದ. ಮನೆಯಲ್ಲಿ ಕೂಡಿಹಾಕಿದ್ದಕ್ಕೆ ಅಳಿಯನಿಗೆ ಸಣ್ಣ ಶಿಕ್ಷೆಯಾಯಿತು. ಸಾವಿಗೆ ಆಗಲಿಲ್ಲ. ವಿಚಾರಣೆಯ ಕಾಲದಲ್ಲಿ ಒಳಗಿದ್ದದ್ದನ್ನೇ ಶಿಕ್ಷೆಗೆ ಜಮಾ ಮಾಡಿ ಅವನನ್ನು ಬಿಟ್ಟುಬಿಟ್ಟರು.

ಹೊರಗೆ, ನ್ಯಾಯಾಲಯದ ಮೆಟ್ಟಿಲ ಮೇಲೆ, ಅವನು ಜನರ ನಡುವೆ ದಾರಿ ಮಾಡಿಕೊಂಡು ಬಂದು ತಮ್ಮನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ‘ನಿಮ್ಮ ಉಪಕಾರ ಮರೆಯಲ್ಲ ಮಾವ. ಬೇರೆ ಯಾರಾದ್ರೂ ಆಗಿದ್ರೆ ನನ್ನ ಮುಗಿಸಿಬಿಡ್ತಿದ್ರು’ ಎಂದ. ಹೇಳಿದ್ದು ಮನಸ್ಸಿನಿಂದಲೇ. ಕೈ ಬಿಡಿಸಿಕೊಂಡು ತಮ್ಮ ನಡೆದ. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಆ ಬಲಗೈಯನ್ನು ತೊಡೆಯ ಮೇಲೆ ಉಜ್ಜುತ್ತಲೇ ಇದ್ದ. ಇಳಿಯುವ ಹೊತ್ತಿಗೆ, ‘ಉಪಕಾರ ಅಂದ ಅಕ್ಕ’ ಎಂದ.

ಆಮೇಲೆ ಆದದ್ದು ಇನ್ನೂ ಅಸಹ್ಯ. ಪತ್ರಿಕೆಗಳಲ್ಲಿ ಸುದ್ದಿ ಬಂದಿತ್ತು. ಅವನ ಅಂಗಡಿಗೆ ಹಿಂದೆಂದೂ ಇಲ್ಲದ ಗಿರಾಕಿ. ಸ್ವಂತ ಮಗಳಿಗೂ ಬೀಗ ತೆಗೆಯದವನು ಎಂಬುದಕ್ಕಿಂತ ದೊಡ್ಡ ಜಾಹೀರಾತು ಬೀಗದವನಿಗೆ ಇನ್ನೇನು ಬೇಕು? ಬೀದಿಯವರಿಗೆ ಹೆಮ್ಮೆ. ನಮ್ಮ ಬೀದಿಯ ಮಾತು ಎಂದರೆ ಇದು ಎಂದು ಅವರು ಎದೆ ತಟ್ಟಿಕೊಂಡದ್ದು ಆಗಲೇ. ತಮ್ಮ ತಲೆ ತಗ್ಗಿಸಿ ಅರ ಉಜ್ಜುತ್ತಿದ್ದ.

ಒಂದು ದಿನ ನಡುವಯಸ್ಸಿನ ಒಬ್ಬ ಬಂದ. ನೀವೇ ಅಲ್ಲವೇ ಅವರು ಎಂದು ಖಚಿತಪಡಿಸಿಕೊಂಡು, ಅಂಥದ್ದೇ ಒಂದು ಬೀಗ ಬೇಕು, ಒಳಗಿನಿಂದ ಏನು ಮಾಡಿದರೂ ತೆರೆಯಬಾರದು ಎಂದ. ತಮ್ಮನ ಕೈ ನಿಂತಿತು.

‘ಒಳಗೆ ಯಾರಿರ್ತಾರೆ?’ ಎಂದು ಕೇಳಿದ.

‘ಅದು ನಿಮಗ್ಯಾಕೆ?’ ಎಂದ ಗಿರಾಕಿ.

ತಮ್ಮ ಆ ಬೀಗ ಮಾಡಿಕೊಡಲಿಲ್ಲ. ಅಂದಿನಿಂದ ಪ್ರತಿಯೊಬ್ಬರನ್ನೂ ಅದೇ ಕೇಳತೊಡಗಿದ. ಗೋದಾಮಿನವರನ್ನೂ ಬಿಡಲಿಲ್ಲ. ‘ಒಳಗೆ ಸಿಮೆಂ​ಟ್ ಮೂಟೆ ಇರುತ್ತೆ ಮೇಸ್ತ್ರಿ, ಅದರ ಒಪ್ಪಿಗೆ ಬೇರೆ ತರಬೇಕಾ?’ ಎಂದು ಒಬ್ಬ ಗೇಲಿ ಮಾಡಿದ. ಹೋಗಿ ನೋಡಿ ಬಂದು ಆಮೇಲೆ ಬೀಗ ಕೊಟ್ಟ. ಮನೆಗೆಂದು ಕೇಳಿದವರ ಹೆಂಡತಿ ಮಕ್ಕಳು ಅಂಗಡಿಗೆ ಬಂದು ಒಂದೊಂದು ಕೀಲಿಕೈಯನ್ನು ತಾವೇ ತೆಗೆದುಕೊಳ್ಳಬೇಕು ಎಂದ. ತಲೆ ಕೆಟ್ಟಿದೆ ಎಂದುಕೊಂಡು ಜನ ಪಕ್ಕದ ಅಂಗಡಿಗೆ ಹೋದರು. ಬೀದಿಯ ಹಿರಿಯರು ಬಂದು, ಯಜಮಾನರನ್ನು ಹೀಗೆ ವಿಚಾರಣೆ ಮಾಡುವುದು ನಮ್ಮ ಕಸುಬಿನ ಮರ್ಯಾದೆಯಲ್ಲ ಎಂದು ಬುದ್ಧಿ ಹೇಳಿದರು. ಅವನು ಕೇಳಲಿಲ್ಲ. ಅಂಗಡಿ ಖಾಲಿಯಾಯಿತು. ಅವನ ಕೊನೆಯ ಈ ಹುಚ್ಚಿನ ಬಗ್ಗೆ ಸಂಘದ ಕೋಣೆಯಲ್ಲಿ ಒಬ್ಬರೂ ಬಾಯಿಬಿಡಲಿಲ್ಲ.

ಅವನು ಹೋಗುವುದಕ್ಕೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ಅಂಗಡಿಗೆ ಹೋಗಿದ್ದೆ. ಕೆಲಸವಿರಲಿಲ್ಲ. ಚಹಾ ತರಿಸಿದ. ಬೀದಿಯ ಗದ್ದಲ ನೋಡುತ್ತ ಕೂತೆವು. ನಾನು ಹೊಗಳಲಿ ಎಂದಲ್ಲ, ನನಗೆ ಗೊತ್ತಿರಲಿ ಎಂಬಂತೆ ಅವನೇ ಮಾತು ತೆಗೆದ.

‘ಈಗ ಕೇಳ್ತೀನಿ ಅಕ್ಕ. ಒಳಗೆ ಯಾರಿರ್ತಾರೆ ಅಂತ, ಎಲ್ಲರನ್ನೂ.’

‘ಆವತ್ತು ಕೇಳೋ ಅಗತ್ಯವೇ ಇರ್ಲಿಲ್ಲ’ ಎಂದೆ. ‘ಒಳಗಿದ್ದವಳು ಬೆಳಗಿನಿಂದ ಹೇಳ್ತಾನೇ ಇದ್ದಳು.’

ಅವನು ಲೋಟ ಕೆಳಗಿಟ್ಟ. ‘ಹೌದು’ ಎಂದ.

ನಾನು ಚಹಾ ಮುಗಿಸಿ, ಎದ್ದು, ಮನೆಗೆ ಬಂದೆ.